ನನ್ನ ಬೆರಳಿಗಿದ್ದ ಒಂಬತ್ತು ಹೆಸರು

ಹೋದ ತಿಂಗಳು ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಲ್ಲಿ ನಮ್ಮವರೊಬ್ಬರ ಮದುವೆಗೆ ಹೊರಟಿದ್ದೆ. ಆಳಂದ ದಾಟುವಾಗ ಬಸ್ಸು ನಿಂತುಬಿಟ್ಟಿತು. ತೊಗರಿ ಹೇರಿದ ಲಾರಿಗಳು ಮಿಲ್ಲಿನ ಗೇಟಿಗೆ ತಿರುಗಲಾರದೆ ರಸ್ತೆಗೆ ಅಡ್ಡ ನಿಂತಿದ್ದವು. ಕಿಟಕಿಯಿಂದ ಆ ವಾಸನೆ ಬಂತು: ಎಣ್ಣೆ ಹಚ್ಚಿ ಬಿಸಿಲಿಗೆ ಹರವಿದ ತೊಗರಿಯದು, ಕಾದ ಯಂತ್ರದ ಪಟ್ಟಿಯದು, ಹೊಟ್ಟಿನ ಧೂಳಿನದು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಆ ಮಿಲ್ಲಿನಲ್ಲಿ ಕಳೆದ ಕೊನೆಯ ಸುಗ್ಗಿ ಮೂಗಿನಿಂದ ಒಳಗಿಳಿದು ಎದೆಯಲ್ಲಿ ಕೂತುಬಿಟ್ಟಿತು. ಲಾರಿ ಸರಿದು ಬಸ್ಸು ಹೊರಡುವವರೆಗೂ ನಾನು ಆ ವರ್ಷದಲ್ಲೇ ಇದ್ದೆ.

ಆಗ ನಾನು ಆ ದಾಲ್ ಮಿಲ್ಲಿನ ಆಫೀಸಿನಲ್ಲಿದ್ದೆ. ಕಂಪ್ಯೂಟರಿನ ಕೆಲಸ ನನ್ನದು, ಬೇಳೆ ಹಸನು ಮಾಡುವ ಹೆಂಗಸರ ಉಸ್ತುವಾರಿಯೂ ನನ್ನದೇ. ಮಾಲಕರು ಗುರುಲಿಂಗಪ್ಪ ಸಾಹುಕಾರ್ರು. ಆಳಂದದಲ್ಲಿ ಮಿಲ್ಲು, ಅಫಜಲಪುರ ಮತ್ತು ಜೇವರ್ಗಿಯಲ್ಲಿ ತೊಗರಿ ಖರೀದಿಸುವ ಗೋದಾಮುಗಳು. ಮೂರೂ ಕಡೆ ಕಂಪ್ಯೂಟರ್ ಇದ್ದವು, ಮೂರಕ್ಕೂ ಒಂದೇ ಪಾಸ್‌ವರ್ಡ್, ಅದು ಸಾಹುಕಾರ್ರ ಮೊಮ್ಮಗನ ಹೆಸರು. ಜೇವರ್ಗಿಯ ಹಮಾಲರಿಗೂ ಅದು ಗೊತ್ತಿತ್ತು. ಒಬ್ಬೊಬ್ಬರಿಗೆ ಒಂದೊಂದು ಇಡೋಣ ಎಂದು ನಾನೊಮ್ಮೆ ಅಂದದ್ದಕ್ಕೆ ಸಾಹುಕಾರ್ರು ನೊಂದುಕೊಂಡರು.

"ನಮ್ಮ ಮಂದಿ ಮ್ಯಾಲ ನಮಗ ಭರೋಸ ಇಲ್ಲಂದ್ರ ಹ್ಯಾಂಗ ಸುವರ್ಣಾ? ಮನ್ಯಾಗ ಎಲ್ಲಾರೂ ಒಂದ ಬಾಗಲದಾಗ ಬರ್ತಾರ, ಹೋಗ್ತಾರ."

ಕೆಟ್ಟ ಮನುಷ್ಯರಲ್ಲ ಅವರು. ಬೆಳಿಗ್ಗೆ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದು, ಗೋಡೆಯ ಮೇಲಿನ ಬಸವಣ್ಣನವರ ಪಟಕ್ಕೆ ಕೈಮುಗಿದು, ಹಮಾಲರಿಗೆ ಚಹಾ ಬಂತೋ ಇಲ್ಲವೋ ವಿಚಾರಿಸಿಯೇ ಕುರ್ಚಿಯಲ್ಲಿ ಕೂರುತ್ತಿದ್ದರು. ಆದರೆ ತಮಗೆ ತೊಡಕಾಗುವ ಮಾತು ಬಂದರೆ ಅವರಿಗೆ ಕಿವಿ ಕೇಳುತ್ತಿರಲಿಲ್ಲ.

ನನ್ನ ಗಂಡ ಲಾರಿಯ ಮೇಲೆ ದೇಶ ತಿರುಗುವವನು. ಮಗಳು ಪವಿತ್ರಾ ಮಣ್ಣೂರಿನಲ್ಲಿ ನಮ್ಮವ್ವನ ಹತ್ತಿರ ಬೆಳೆಯುತ್ತಿದ್ದಳು. ಆಳಂದದ ಬಾಡಿಗೆ ಖೋಲಿಯಲ್ಲಿ ಇಡೀ ದಿನ ಆ ಕೂಸನ್ನು ನೋಡಿಕೊಳ್ಳುವವರು ಯಾರಿದ್ದರು? ಅದಕ್ಕೇ ಅವಳು ಭೀಮಾ ದಂಡೆಯಲ್ಲಿ, ನಾನು ತೊಗರಿ ಧೂಳಿನಲ್ಲಿ. ಸಾಹುಕಾರ್ರು ಒಂದು ಮಾತು ಕೊಟ್ಟಿದ್ದರು. ಅಫಜಲಪುರದ ಗೋದಾಮಿನ ಆಫೀಸಿಗೆ ಒಬ್ಬರು ಬೇಕು, ದೀಪಾವಳಿ ಮುಗಿದಮೇಲೆ ನಿನ್ನನ್ನೇ ಅಲ್ಲಿಗೆ ಹಾಕುತ್ತೇನೆ ಎಂದು. ಮಣ್ಣೂರಿನಿಂದ ಅಫಜಲಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಡಬಹುದು, ಮಗಳ ತಲೆ ನಾನೇ ಬಾಚಬಹುದು. ಆ ವರ್ಷ ನಾನು ಬದುಕಿದ್ದೇ ಆ ಮಾತನ್ನು ನೆಚ್ಚಿ.

ದಸರೆಯ ಹೊತ್ತಿಗೆ ಬೆರಳೊತ್ತುವ ಯಂತ್ರ ಬಂತು. ನಮ್ಮ ಬೇಳೆಯನ್ನು ಪಾಕೀಟು ಮಾಡಿ ಮಾರುವ ಪುಣೆಯ ದೊಡ್ಡ ಕಂಪನಿಯೊಂದು, ಬೇಳೆ ಹಸನು ಮಾಡುವ ಖೋಲಿಯೊಳಗೆ ಬೆರಳು ಒತ್ತಿದವರು ಮಾತ್ರ ಹೋಗಬೇಕು, ಬಂದದ್ದೂ ಹೋದದ್ದೂ ದಾಖಲಾಗಬೇಕು ಎಂದು ಕರಾರು ಹಾಕಿತ್ತು. ಆ ಖೋಲಿಯಲ್ಲಿ ಒಂಬತ್ತು ಹೆಂಗಸರು. ಹುಟ್ಟಿದಾಗಿನಿಂದ ಕಳೆ ಕಿತ್ತು, ಹತ್ತಿ ಬಿಡಿಸಿ, ಆಮೇಲೆ ವರ್ಷಗಟ್ಟಲೆ ಬೇಳೆಯಲ್ಲಿ ಹರಳು ಆರಿಸಿ ಅವರ ಬೆರಳ ತುದಿಗಳು ನುಣ್ಣಗೆ ಸವೆದುಹೋಗಿದ್ದವು. ಯಂತ್ರ ಒಬ್ಬರನ್ನೂ ಒಪ್ಪಲಿಲ್ಲ. ಸಾಬೂನು ಹಚ್ಚಿ ತೊಳೆದರು, ನಿಂಬೆಹಣ್ಣು ತಿಕ್ಕಿದರು, ತಲೆಗೂದಲಿಗೆ ಒರೆಸಿ ಒತ್ತಿದರು. ಎಲ್ಲರಿಗಿಂತ ಹಿರಿಯಳಾದ ಹುಸೇನಬಿ, "ರೇಷನ್ ಅಂಗಡ್ಯಾಗೂ ಇದ ಗೋಳು. ನಾ ಬದುಕೇನಿ ಅಂತ ಯಾವ ಮಷೀನೂ ನಂಬವಲ್ದು" ಎಂದು ನಕ್ಕಳು. ಯಂತ್ರ ಕೂರಿಸಲು ಬಂದವನು ನಗಲಿಲ್ಲ. ಬೆರಳು ಬರದವರನ್ನು ಒಳಗೆ ಬಿಡುವಂತಿಲ್ಲ ಅಂದ. ಸಾಹುಕಾರ್ರು ನೆಲ ನೋಡುತ್ತ, "ಮತ್ತ ಏನ್ ಮಾಡೂದು? ಬ್ಯಾರೆ ಮಂದೀನ ತರಬೇಕಾಗ್ತದ" ಅಂದರು.

ನನಗೆ ಸಿಟ್ಟು ಬಂದರೆ ತಲೆಗಿಂತ ಕೈ ಮುಂದೆ ಹೋಗುತ್ತದೆ. "ಮಷೀನಿಗೆ ಬೆರಳು ಬೇಕಲ್ರಿ? ತಗೊಳ್ರಿ, ನನ್ನ ಹಂತ್ಯಾಕ ಹತ್ತು ಅದಾವ" ಎಂದು ಎರಡೂ ಕೈ ಮುಂದೆ ಚಾಚಿದೆ. ಸಾಹುಕಾರ್ರು ಬೇಡ ಅನ್ನಲಿಲ್ಲ. ಯಂತ್ರದವನಿಗೂ ಊರಿಗೆ ಹೋಗುವ ಬಸ್ಸಿನ ಚಿಂತೆ ಇತ್ತು. ಬಲಗೈ ಹೆಬ್ಬೆರಳು ನನ್ನದಾಗಿಯೇ ಉಳಿಯಿತು. ಎಡಗೈ ಹೆಬ್ಬೆರಳು ಹುಸೇನಬಿ ಆಯಿತು, ಬಲಗೈ ತೋರುಬೆರಳು ರತ್ನಾಬಾಯಿ, ಎಡಗೈ ಕಿರುಬೆರಳು ಶರಣಮ್ಮ. ಹೀಗೆ ಒಂಬತ್ತು ಹೆಂಗಸರು ನನ್ನ ಕೈಯಲ್ಲಿ ಬಂದು ಕೂತರು.

ಮೊದಮೊದಲು ಅದು ತಮಾಷೆಯಾಗಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಹತ್ತೂ ಬೆರಳು ಒತ್ತುವುದು, ಸಂಜೆ ಎಲ್ಲರೂ ಹೊರಟಮೇಲೆ ಮತ್ತೆ ಒತ್ತುವುದು. "ನನ್ನ ಬೆರಳಿಗಿ ಉಂಗುರ ಹಾಕ್ರಿ ಅಕ್ಕೋರೆ, ನನ್ನ ಗಂಡಂತೂ ಹಾಕಲಿಲ್ಲ" ಎಂದು ಶರಣಮ್ಮ ಕಾಡುತ್ತಿದ್ದಳು. ಒಮ್ಮೆ ತಗಡು ತಗುಲಿ ತೋರುಬೆರಳು ಕುಯ್ದುಕೊಂಡಾಗ ರತ್ನಾಬಾಯಿ ಓಡಿಬಂದು ಅರಿಷಿಣ ಒತ್ತಿ, "ನನ್ನ ಪಗಾರ ಕುಯ್ಕೊಂಡ್ರೆಲ್ರಿ!" ಎಂದು ಬೈದಳು. ಗಾಯ ಮಾಯುವವರೆಗೆ ಯಂತ್ರ ಆ ಬೆರಳನ್ನು ಒಪ್ಪಲಿಲ್ಲ. ರತ್ನಾಬಾಯಿ ಖೋಲಿಯ ಹೊರಗೆ ಕೂತು ಚೀಲ ಹೊಲಿದಳು. ಅವತ್ತಿನಿಂದ ನಾನು ತರಕಾರಿ ಹೆಚ್ಚುವುದಕ್ಕೂ ಹೆದರತೊಡಗಿದೆ.

ದೀಪಾವಳಿ ಮುಗಿಯಿತು. ಅಫಜಲಪುರದ ಮಾತು ಎತ್ತಿದೆ. ಸಾಹುಕಾರ್ರು ನನ್ನ ಮುಖ ನೋಡದೆ ಕೈ ನೋಡಿದರು.

"ನೀ ಅಲ್ಲಿ ಹೋದ್ರ ಇಲ್ಲಿ ಇವರ ಗತಿ ಏನವ್ವಾ? ಕೈ ಇಲ್ಲೇ ಬಿಟ್ಟು ಹೋಗ್ತೀ ಏನು?"

ಅಲ್ಲಿಯವರೆಗೆ ನನಗೆ ಅದು ಹೊಳೆದೇ ಇರಲಿಲ್ಲ ಅಂದರೆ ನೀವು ನಗುತ್ತೀರಿ. ನಾನು ರಜೆ ಹಾಕಿದರೆ ಒಂಬತ್ತು ಜನರಿಗೆ ರಜೆ. ನನಗೆ ಜ್ವರ ಬಂದರೆ ಒಂಬತ್ತು ಮನೆಯ ಕೂಲಿ ಖೋತಾ. ಯಾರಿಗೂ ಹೇಳುವಂತಿಲ್ಲ, ಹೇಳಿದರೆ ಇಲ್ಲದ ಹೆಂಗಸರ ಹೆಸರಿನಲ್ಲಿ ಪಗಾರ ಎತ್ತುತ್ತಿದ್ದಾಳೆ ಎಂಬ ಮಾತು ಮೊದಲು ಬರುತ್ತದೆ. ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪ.

ಮಾರ್ಗಶಿರದ ಚಳಿಯಲ್ಲಿ ಹೊಸ ತೊಗರಿ ಬರತೊಡಗಿತು. ಜೇವರ್ಗಿಯಿಂದ, ಅಫಜಲಪುರದಿಂದ ಲಾರಿಯ ಮೇಲೆ ಲಾರಿ. ಭಾನುವಾರವೂ ಮಿಲ್ಲು ನಡೆಯಿತು. ಎಳ್ಳಮಾಸಿಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಂಡು ಬರುತ್ತದೆ. ಅವತ್ತಾದರೂ ಮಣ್ಣೂರಿಗೆ ಹೋಗಬೇಕೆಂದಿದ್ದೆ. ಕಂಪನಿಯ ಲಾರಿ ಮಿಲ್ಲಿನ ಅಂಗಳದಲ್ಲೇ ನಿಂತಿತ್ತು, ಮಾಲು ಅವತ್ತೇ ಹೋಗಬೇಕಿತ್ತು. ಹೆಂಗಸರಿಗೆ ಅರ್ಧ ದಿನದ ಕೆಲಸ ಸಿಕ್ಕಿತು, ಮಧ್ಯಾಹ್ನ ಅವರು ಹೊಲಕ್ಕೆ ಓಡಿದರು. ಬೆರಳೊತ್ತಿ ಅವರನ್ನು 'ಹೊರಗೆ' ಕಳಿಸಿ ನಾನು ಬಸ್‌ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನ ಬಸ್ಸಿಗೆ ಹೋದರೆ ಮರುದಿನ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ತಿರುಗಿ ಬರುವಂತಿರಲಿಲ್ಲ. ಬೆಂಚಿನ ಮೇಲೆ ಕೂತು ಅತ್ತೆ. ಜನ ನೋಡುತ್ತಿದ್ದರು, ನೋಡಲಿ ಎಂದು ಅತ್ತೆ.

ಶಿವರಾತ್ರಿಯ ಹತ್ತಿರ ಪುಣೆಯ ಕಂಪನಿಯವರು ಹೊಸ ಮಾತು ತೆಗೆದರು. ಮುಂದಿನ ವರ್ಷದ ಖರೀದಿ ಬೇಕಿದ್ದರೆ ಹೊರಗಿನ ತಜ್ಞರೊಬ್ಬರಿಂದ ಮೂರೂ ಕಡೆ ತಪಾಸಣೆ ಮಾಡಿಸಬೇಕು. ಯಾರು ಯಾರು ಒಳಗೆ ಬರುತ್ತಾರೆ, ಯಾರ ಹೆಸರಿನಲ್ಲಿ ಯಾರು ಕಂಪ್ಯೂಟರ್ ತೆಗೆಯುತ್ತಾರೆ, ಬಿಟ್ಟುಹೋದವರ ಹೆಸರು ಇನ್ನೂ ಉಳಿದಿದೆಯೋ ಹೇಗೆ, ಎಲ್ಲ. ಇದನ್ನು ಮಾಡುವವರಿಗೆ ಐಡೆಂಟಿಟಿ ಆಕ್ಸೆಸ್ ಸೆಕ್ಯುರಿಟಿ ಕನ್ಸಲ್ಟಂಟ್ ಅನ್ನುತ್ತಾರಂತೆ. ಸಾಹುಕಾರ್ರು ಆ ಹೆಸರನ್ನು ಅರ್ಧಕ್ಕೆ ಬಿಟ್ಟು, "ಅದೇನದ, ನೀನ ಹುಡಕು. ಮೂರ ಮಂದೀನ ಕರಸು, ಮಾತಾಡು, ಒಬ್ಬರನ್ನ ಆರಸಿ ಹೇಳು. ನನಗ ಇದ್ರಾಗಿಂದು ಒಂದೂ ತಿಳಿಯಂಗಿಲ್ಲ" ಅಂದರು. ಕುಂಬಳಕಾಯಿ ಕಳ್ಳನ ಕೈಗೇ ಪೊಲೀಸರನ್ನು ಆರಿಸುವ ಕೆಲಸ!

ಮೊದಲು ಬಂದವನು ಕಲಬುರಗಿಯವನು, ಸಾಹುಕಾರ್ರ ಹೆಂಡತಿಯ ಕಡೆಯ ನೆಂಟ. ಅಂಗಡಿ ಇಟ್ಟು ಸಿಸಿ ಕ್ಯಾಮೆರಾ ಮಾರುತ್ತಿದ್ದ, ಈಚೆಗೆ ಬೋರ್ಡಿನ ಮೇಲೆ ಸೆಕ್ಯುರಿಟಿ ಕನ್ಸಲ್ಟಂಟ್ ಎಂದೂ ಬರೆಸಿದ್ದ. ಚಹಾ ಕುಡಿದ, ಖಾರಾ ತಿಂದ, ಖೋಲಿಯ ಕಡೆ ತಲೆಯನ್ನೂ ತಿರುಗಿಸಲಿಲ್ಲ. "ಮಾಮಾ, ನಮ್ಮ ಮಿಲ್ಲಿನಾಗ ನೋಡೂದರೆ ಏನದ? ಎಲ್ಲಾ ಬರೋಬರಿ ಅದ ಅಂತ ಬರದು ಸಹಿ ಮಾಡಿ ಕೊಡ್ತೇನಿ, ಫಿಕರ್ ಮಾಡಬ್ಯಾಡ್ರಿ." ಅವನನ್ನು ಆರಿಸಿದರೆ ಹೆಂಗಸರ ಕೆಲಸಕ್ಕೆ ಧಕ್ಕೆಯಿಲ್ಲ. ನಾನು ಮಾತ್ರ ಸಾಯುವವರೆಗೆ ಆ ಯಂತ್ರದ ಮುಂದೆ.

ಎರಡನೆಯವರು ಹೈದರಾಬಾದಿನ ಇಬ್ಬರು ಹುಡುಗರು. ಇಸ್ತ್ರಿ ಅಂಗಿ, ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ. ಸಾಹುಕಾರ್ರು ಅರ್ಧದಲ್ಲೇ ತೂಕಡಿಸಿದರು. ನಾನು ಕೇಳಿದೆ, "ಮಷೀನು ಗುರುತು ಹಿಡೀಲಿಲ್ಲಂದ್ರ ಅವರನ್ನ ಏನ್ ಮಾಡ್ತೀರಿ?" ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಗುರುತಾಗದವರ ಹೆಸರು ತಾನಾಗಿ ಅಳಿಸಿಹೋಗುತ್ತದೆ, ಅದೇ ನಮ್ಮ ವ್ಯವಸ್ಥೆಯ ಹೆಚ್ಚುಗಾರಿಕೆ ಅಂದರು. ಒಬ್ಬೊಬ್ಬ ಹೆಂಗಸಿನ ಮುಖ ನನ್ನ ಕಣ್ಣಮುಂದೆ ಬಂದು ಹೋಯಿತು.

ಮೂರನೆಯವರು ಸೋಲಾಪುರದ ವಂದನಾಬಾಯಿ. ನಡುವಯಸ್ಸು, ಕಾಟನ್ ಸೀರೆ, ಮರಾಠಿ ಬೆರೆತ ಕನ್ನಡ. ಹನ್ನೊಂದು ಗಂಟೆಗೆ ಬರಬೇಕಾದವರು ಅಕ್ಕಲಕೋಟೆ ಮೇಲೆ ಬರುವ ಮೊದಲ ಬಸ್ಸು ಹಿಡಿದು ಬೆಳಿಗ್ಗೆ ಗೇಟು ತೆಗೆಯುವಾಗಲೇ ಬಂದು ನಿಂತಿದ್ದರು. ನಾನು ಅವರನ್ನು ನೋಡಲಿಲ್ಲ. ಎಂದಿನಂತೆ ಹತ್ತೂ ಬೆರಳು ಒತ್ತಿ ತಿರುಗಿದರೆ ಹಿಂದೆ ಅವರು! ಅವರು ಏನೂ ಕೇಳಲಿಲ್ಲ. ಇಡೀ ಮುಂಜಾನೆ ಖೋಲಿ, ಗೋದಾಮು, ಆಫೀಸು ಸುತ್ತಿ, ಪಾಸ್‌ವರ್ಡ್ ಯಾರಿಗೆ ಗೊತ್ತು ಎಂದು ವಿಚಾರಿಸಿ, "ಯಾರಿಗಿ ಗೊತ್ತಿಲ್ಲ ಅಂತ ಕೇಳೂದು ಸರಳ ಆಗ್ತದ" ಎಂದು ನಕ್ಕರು. ಆಮೇಲೆ ನನ್ನೆದುರು ಕೂತು ಒಂದೇ ಒಂದು ಪ್ರಶ್ನೆ ಕೇಳಿದರು.

"ಬಾಯಿ, ಈ ಮಿಲ್ಲಿನಾಗ ರಜಾ ತಗೊಳ್ಳಾಕ ಆಗದವರು ಯಾರಿದ್ದಾರ?"

ಎಷ್ಟೋ ತಿಂಗಳಿಂದ ಯಾರೂ ನನ್ನನ್ನು ಕೇಳದ ಮಾತು ಅದು. ಕಣ್ಣಲ್ಲಿ ನೀರು ತುಂಬಿಬಿಟ್ಟಿತು. ಎಲ್ಲ ಹೇಳಿದೆ. ಮಗಳ ವಿಷಯವನ್ನೂ ಹೇಳಿದೆ, ಅದಕ್ಕೂ ತಪಾಸಣೆಗೂ ಏನು ಸಂಬಂಧವೋ! ಅವರು ಕೊನೆವರೆಗೂ ಕೇಳಿದರು. ಆಮೇಲೆ ಅಂದರು:

"ಈಗ ನಾ ಏನೂ ಬರಿಯಂಗಿಲ್ಲ, ಕೆಲಸ ಇನ್ನಾ ನನಗ ಕೊಟ್ಟಿಲ್ಲ. ಕೊಟ್ರ ಮಾತ್ರ ಕಂಡದ್ದೆಲ್ಲಾ ಬರೀಬೇಕು. ಬೆರಳ ಬರದವರಿಗಿ ಫೋಟೋ ಇದ್ದ ಕಾರ್ಡು ಕೊಡ್ರಿ, ಬಾಗಲದಾಗ ಒಬ್ಬರು ನಿಂತು ಮಾರಿ ನೋಡಿ ಬಿಡ್ಲಿ ಅಂತನೂ ಬರೀತೇನಿ. ಕಂಪನಿಯವರು ಒಪ್ಪಬಹುದು, ಒಪ್ಪಲಿಕ್ಕಿಲ್ಲ. ಆದ್ರ ನಿಮ್ಮ ಹೆಸರು ಅದ್ರಾಗ ಬರ್ತದ. ಅದನ್ನ ತಪ್ಪಸಾಕ ನನ್ನ ಕೈಲೆ ಆಗಂಗಿಲ್ಲ."

ಅವರ ಮೇಲೆ ಸಿಟ್ಟೂ ಬಂತು, ಗೌರವವೂ ಬಂತು. ನೆಂಟ ಸುಳ್ಳು ಹೇಳಿ ಉಳಿಸುತ್ತಾನೆ, ಹೈದರಾಬಾದಿನವರು ನೋಡದೆಯೇ ಅಳಿಸುತ್ತಾರೆ, ಈಕೆ ಮಾತ್ರ ಮುಂಚೆಯೇ ಹೇಳಿ ಕುತ್ತಿಗೆ ಹಿಡಿಯುತ್ತಾಳೆ. ನಾನೊಬ್ಬಳೇ ನಿರ್ಧರಿಸುವ ಮಾತಲ್ಲ ಅನ್ನಿಸಿತು. ಮರುದಿನ ಊಟದ ಹೊತ್ತಿಗೆ ಹೆಂಗಸರ ನಡುವೆ ರೊಟ್ಟಿ ಬಿಚ್ಚಿಕೊಂಡು ಕೂತು ಇದ್ದದ್ದನ್ನು ಇದ್ದಂತೆ ಹೇಳಿದೆ. ಗದ್ದಲ ಬೀಳುತ್ತದೆ ಅಂದುಕೊಂಡಿದ್ದೆ. ರತ್ನಾಬಾಯಿ ಮೆಲ್ಲಗೆ ರೊಟ್ಟಿ ಕೆಳಗಿಟ್ಟಳು.

"ನಿಮ್ಮ ಮಗಳ ಸಲುವಾಗಿ ನಮ್ಮ ಮಕ್ಕಳ ರೊಟ್ಟಿ ಕಸ್ಕೊಂತೀರೇನ್ರಿ? ಸುಮ್ಮ ಆ ಕಲಬುರಗಿಯವಗ ಕೊಡ್ರಿ. ಆಂವ ನೋಡಂಗಿಲ್ಲಲ್ಲ."

"ಆಂವ ನೋಡಂಗಿಲ್ಲ, ಖರೆ. ಮತ್ತ ನಾ ಎಂದ ಹೋಗ್ಲಿ ರತ್ನಾ?"

"ಅದು ನಮಗೇನ್ ಗೊತ್ತರಿ."

ಅವಳ ತಪ್ಪಿಲ್ಲ, ಹಸಿವು ಹಾಗೆಯೇ ಮಾತಾಡುತ್ತದೆ. ಆದರೂ ಆ ಮಾತು ನನಗೆ ಬಹಳ ನೋವು ಕೊಟ್ಟಿತು. ಹುಸೇನಬಿ ಇಷ್ಟು ಹೊತ್ತು ಸುಮ್ಮನೆ ಅಗಿಯುತ್ತಿದ್ದವಳು ನನ್ನ ಎಡಗೈ ಎಳೆದುಕೊಂಡು ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದಳು.

"ಏ ರತ್ನಾ, ಈಕಿಗಿ ನಾಳೆ ಏನರೆ ಆದ್ರ ನಾವೂ ಒಂಬತ್ತು ಮಂದಿ ಈಕಿ ಜೋಡಿ ಹೋದ್ವಿ. ಇನ್ನೊಬ್ಬರ ಬೆರಳ ಮ್ಯಾಲ ಎಷ್ಟ ದಿನಾ ಬಾಳೇವು ಮಾಡ್ತಿ ಬೇ? ನನ್ನ ಮಾರಿ ನನಗದ. ಅದನ್ನ ನೋಡಿ ಬಿಡ್ಲಿ, ಇಲ್ಲಾ ಹೊರಗ ಹಾಕ್ಲಿ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಬೆರಳು ನೀ ತಗೋ ತಾಯಿ. ಸೋಲಾಪುರದಾಕಿನ ಕರಿ" ಅಂದಳು.

ಶರಣಮ್ಮ ಹೂಂ ಅಂದಳು, ಆಮೇಲೆ ಒಬ್ಬೊಬ್ಬರೇ. ರತ್ನಾಬಾಯಿ ಅನ್ನಲಿಲ್ಲ.

ಸಾಹುಕಾರ್ರ ಮುಂದೆ ವಂದನಾಬಾಯಿಯ ಹೆಸರು ಹೇಳಿದಾಗ ಅವರ ವಿಭೂತಿಯ ಕೆಳಗೆ ನರ ಉಬ್ಬಿತು. "ಹುಚ್ಚ ಹಿಡದದೇನ ನಿನಗ? ಮನೀ ಹುಡುಗ ಇರಬೇಕಾದ್ರ ಮನೀ ಮಾತು ಊರಿಗಿ ಸಾರಾಕ ಹೊಂಟಿ. ನಿನ್ನ ಕಾಲ ಮ್ಯಾಲ ನೀನ ಕಲ್ಲ ಹಾಕ್ಕೊಳಾಕತ್ತಿ, ಗೊತ್ತದನ?"

"ಗೊತ್ತದರಿ" ಅಂದೆ. "ಕಾಲರೆ ನನ್ನವ ಅದಾವ. ಕೈ ನನ್ನವಲ್ಲ."

ಅವರು ನೆಂಟನನ್ನೇ ಒಪ್ಪಿಸಲು ಪುಣೆಗೆ ಫೋನು ಮಾಡಿದರು. ಸಂಬಂಧಿಕರು ನಡೆಯುವುದಿಲ್ಲ ಎಂದು ಕಂಪನಿಯವರು ಕಡ್ಡಿ ಮುರಿದಂತೆ ಹೇಳಿದರು. ಉಳಿದವರಲ್ಲಿ ಹೈದರಾಬಾದಿನವರು ಏನು ಮಾಡುತ್ತಾರೆ ಎಂದು ನಾನು ಬಿಡಿಸಿ ಹೇಳಿದೆ. ಎಲ್ಲರ ಬೆರಳನ್ನೂ ಹೊಸದಾಗಿ ಒತ್ತಿಸಿದರೆ ಒಂಬತ್ತೂ ಜನ ಒಂದೇ ದಿನ ಹೋಗುತ್ತಾರೆ, ಸುಗ್ಗಿಯ ನಡುವೆ ಖೋಲಿ ಖಾಲಿಯಾಗುತ್ತದೆ ಎಂದೆ. ಸಾಹುಕಾರ್ರು ಬಹಳ ಹೊತ್ತು ಕನ್ನಡಕ ಒರೆಸಿದರು. "ಆಯ್ತು, ಸೋಲಾಪುರದ ಬಾಯೀನ ಕರಸು" ಅಂದರು.

ವಂದನಾಬಾಯಿ ಅಫಜಲಪುರ, ಜೇವರ್ಗಿಗಳಿಗೂ ಹೋಗಿ ಬಂದರು. ಬೇಸಿಗೆ ಚುರುಕಾಗಿತ್ತು, ಮಿಲ್ಲಿನ ತಗಡು ಮುಟ್ಟಿದರೆ ಸುಡುತ್ತಿತ್ತು. ಮೊಮ್ಮಗನ ಹೆಸರು ಮೂರೂ ಕಂಪ್ಯೂಟರಿನಿಂದ ಹೋಯಿತು. ಅವರು ಕಾರ್ಡಿನ ಬಗ್ಗೆ ಕಂಪನಿಯವರ ಜೊತೆ ಫೋನಿನಲ್ಲಿ ಜಗಳವಾಡುವುದು ನನ್ನ ಟೇಬಲ್ಲಿಗೆ ಕೇಳಿಸುತ್ತಿತ್ತು. ಕೊನೆಗೆ ಕಂಪನಿ ಒಪ್ಪಿತು. ಯುಗಾದಿಗೆ ಮುಂಚೆ ಒಂಬತ್ತು ಹೆಂಗಸರೂ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಫೋಟೋ ತೆಗೆಸಿಕೊಂಡರು. ಹುಸೇನಬಿ ಕಾರ್ಡು ನೋಡಿ, "ಮಾರಿ ಇಷ್ಟ ಮುದಿ ಆಗ್ಯಾದೇನ? ಇದಕ್ಕಿಂತ ಬೆರಳ ಚಲೋ ಇತ್ತು" ಅಂದಳು.

ಅದೇ ವಾರ ಕಂಪನಿಯ ಇನ್ನೊಂದು ಮಾತೂ ಬಂತು. ಹತ್ತು ಹೆಸರಿನಲ್ಲಿ ಒಳಹೊರಗೆ ಆದ ವ್ಯಕ್ತಿಗೆ ಮೂರೂ ಕಡೆ ಎಲ್ಲಿಯೂ ಪ್ರವೇಶ ಕೊಡುವಂತಿಲ್ಲ. ತಪ್ಪು ಮಿಲ್ಲಿನ ವ್ಯವಸ್ಥೆಯದು, ಈ ಹೆಣ್ಣುಮಗಳದ್ದಲ್ಲ ಎಂದು ವಂದನಾಬಾಯಿ ಬರೆದಿದ್ದರಂತೆ. ಅದನ್ನು ಕಂಪನಿಯವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಳಂದವೂ ಹೋಯಿತು, ನನಗಾಗಿ ಖಾಲಿ ಇಟ್ಟಿದ್ದ ಅಫಜಲಪುರದ ಕುರ್ಚಿಯೂ ಹೋಯಿತು.

"ನಾ ಏನ್ ಮಾಡ್ಲಿ ಸುವರ್ಣಾ, ನನ್ನ ಕೈಯಾಗ ಏನೂ ಉಳದಿಲ್ಲ" ಎಂದು ಸಾಹುಕಾರ್ರು ಬಸವಣ್ಣನವರ ಪಟದ ಕಡೆ ನೋಡುತ್ತ ಹೇಳಿದರು. ನಾನು ಜಗಳವಾಡಲಿಲ್ಲ. ಹೀಗಾಗಬಹುದೆಂದು ಗೊತ್ತಿದ್ದೇ ಆರಿಸಿದ್ದೆ. ಆದರೆ ಗೊತ್ತಿದ್ದರೆ ಸಂಕಟ ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗೇಟಿನ ತನಕ ಬಂದವಳು ರತ್ನಾಬಾಯಿ ಒಬ್ಬಳೇ, ಉಳಿದವರಿಗೆ ಖೋಲಿ ಬಿಟ್ಟು ಹೊರಗೆ ಬರುವಂತಿರಲಿಲ್ಲ. ಅವಳು ಅವತ್ತು ಕೆಲಸಕ್ಕೇ ಹೋಗಿರಲಿಲ್ಲ. ನನ್ನ ಚೀಲ ಬಸ್‌ಸ್ಟ್ಯಾಂಡಿನವರೆಗೆ ಹೊತ್ತು ತಂದಳು. ಬಸ್ಸು ಹೊರಟಾಗ ಕಿಟಕಿಯಿಂದ ಕೈ ಒಳಗೆ ಹಾಕಿ ನನ್ನ ತೋರುಬೆರಳನ್ನು ಒಮ್ಮೆ ಮುಟ್ಟಿದಳು.

ಮಣ್ಣೂರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಪವಿತ್ರಾ ಕಟ್ಟೆಯ ಮೇಲೆ ಆಡುತ್ತಿದ್ದವಳು ಓಡಿ ಬಂದಳು, ಅರ್ಧದಲ್ಲಿ ನಿಂತಳು. "ಅವ್ವಾ, ಹೊಳ್ಳಿ ಹೋಗೂ ಬಸ್ ಎಷ್ಟಕ್ಕ ಅದ?" ಎಂದು ಕೇಳಿದಳು. ಇನ್ನು ಹೋಗುವುದಿಲ್ಲ ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು, ನಂಬಲಿಲ್ಲ. ನಮ್ಮವ್ವನೂ ನಂಬಲಿಲ್ಲ, ಆದರೆ ಏನೂ ಕೇಳದೆ ರೊಟ್ಟಿಗೆ ಹಿಟ್ಟು ಕಲಸಿದಳು.

ಬೆಳಿಗ್ಗೆ ಎದ್ದು ನೋಡಿದರೆ ಹೊಸ್ತಿಲ ಹತ್ತಿರ ಬಿಟ್ಟಿದ್ದ ನನ್ನ ಚಪ್ಪಲಿ ಇರಲಿಲ್ಲ. ಮಗಳು ಕಣ್ಣು ತೆರೆದೇ ಮಲಗಿ ನನ್ನನ್ನು ನೋಡುತ್ತಿದ್ದಳು. ಜೋಳದ ಚೀಲದ ಹಿಂದೆ ಚಪ್ಪಲಿಯ ಪಟ್ಟಿಯೊಂದು ಕಾಣುತ್ತಿತ್ತು. ನಾನು ಕೇಳಲಿಲ್ಲ, ತೆಗೆಯಲೂ ಇಲ್ಲ. ಅವಳೇ ತಂದು ಇಡುವವರೆಗೂ ಆ ಬೇಸಿಗೆಯಲ್ಲಿ ಮಣ್ಣೂರಿನ ಕಾದ ನೆಲದ ಮೇಲೆ ಬರಿಗಾಲಲ್ಲೇ ಓಡಾಡಿದೆ.